ಮೂವತ್ತು ಗಿರಾಕಿಗಳು, ಒಂದು ಆಫರ್ ಲೆಟರ್

ಪ್ರಶ್ನೆ: ನನಗೆ 29 ವರ್ಷ. ನಾಲ್ಕು ವರ್ಷದಿಂದ ಉಡುಪಿಯ ಮನೆಯಲ್ಲೇ ಕೂತು ಫ್ರೀಲಾನ್ಸ್ ವೆಬ್ ಡಿಸೈನ್ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಊರಿನ 30 ಮಂದಿಗೆ ಸೈಟ್ ಮಾಡಿಕೊಟ್ಟಿದ್ದೇನೆ. ಕಳೆದ ವರ್ಷ ಬಂದದ್ದು 5.4 ಲಕ್ಷ. ಅದರಲ್ಲಿ 3.2 ಲಕ್ಷ ಬೆಂಗಳೂರಿನ ಒಂದೇ ಏಜೆನ್ಸಿಯದ್ದು. ಅವರು ದುಡ್ಡು ಕೊಡಲು ಮೂರು ತಿಂಗಳು ಸತಾಯಿಸುತ್ತಾರೆ. ಊರಿನವರದ್ದು ಬೇರೆಯೇ ಕಥೆ. ಕ್ಯಾಟರಿಂಗ್ ಮಾಡುವ ಅಣ್ಣನೊಬ್ಬರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಮೆನು ಬದಲಿಸಲು ಹೇಳುತ್ತಾರೆ, ನಾನು ಬಿಟ್ಟಿಯಾಗಿ ಮಾಡಿಕೊಡುತ್ತೇನೆ. ಈಗ ಮಂಗಳೂರಿನ ಕಂಪನಿಯೊಂದು ತಿಂಗಳಿಗೆ 42 ಸಾವಿರದ ಕೆಲಸ ಕೊಡುತ್ತೇವೆ ಎಂದಿದೆ. ತಿಂಗಳ ಕೊನೆಯೊಳಗೆ ಹೇಳಬೇಕು. 'ಮನೆಯಲ್ಲಿ ಲ್ಯಾಪ್‌ಟಾಪ್ ಕುಟ್ಟುವುದನ್ನು ಕೆಲಸ ಅಂತ ಗಂಡಿನ ಕಡೆಯವರಿಗೆ ಹೇಗೆ ಹೇಳಲಿ?' ಎಂದು ಅಮ್ಮನ ಚಿಂತೆ. ಎಐ ಬಂದ ಮೇಲೆ ಈ ಕೆಲಸ ಇನ್ನು ಹತ್ತು ವರ್ಷ ಉಳಿಯುತ್ತದಾ?
– ಹೆಸರು ಬೇಡ, ಉಡುಪಿ

ಉತ್ತರ: ತಂಗಿ, ನಿಮ್ಮ ಪತ್ರದ ತುಂಬ ಲೆಕ್ಕವಿದೆ. ಆದರೆ ಬೇಕಾದ ಒಂದು ಲೆಕ್ಕವೇ ಇಲ್ಲ. ಆ 30 ಮಂದಿಯಲ್ಲಿ ನಿಮಗೆ ಎರಡನೇ ಸಲ ದುಡ್ಡು ಕೊಟ್ಟವರು ಎಷ್ಟು ಜನ?

ನನ್ನ ಊಹೆ, ಇಬ್ಬರೋ ಮೂವರೋ. ಹೌದಾದರೆ ನೀವು ಈಗ ಮಾಡುತ್ತಿರುವುದು ವ್ಯಾಪಾರ ಅಲ್ಲ, ಒಳ್ಳೆಯ ಕೂಲಿ. ಸಿಟ್ಟಾಗಬೇಡಿ. ಕೂಲಿಯಲ್ಲಿ ತಪ್ಪೇನಿಲ್ಲ, ಆದರೆ ಪ್ರತಿ ತಿಂಗಳೂ ಸೊನ್ನೆಯಿಂದ ಶುರುವಾಗುತ್ತದೆ.

ಎಐ ವಿಷಯ ಬೇಗ ಮುಗಿಸುತ್ತೇನೆ. ಯಾರು ಬೇಕಾದರೂ ತಾವೇ ಸೈಟ್ ಕಟ್ಟಿಕೊಳ್ಳುವ ಸಾಧನಗಳು ಹೊಸತಲ್ಲ, 2003ರಲ್ಲಿ ವರ್ಡ್‌ಪ್ರೆಸ್ ಬಂತು, 2006ರಲ್ಲಿ ವಿಕ್ಸ್ ಬಂತು. ಆಗಲೂ ಇನ್ನು ಡಿಸೈನರ್ ಯಾಕೆ ಎಂದವರಿದ್ದರು. ಕೆಲಸ ಸಾಯಲಿಲ್ಲ, ಸುಲಭದ ಕೆಲಸದ ರೇಟು ಸತ್ತಿತು. ಈಗಲೂ ಅದೇ ಆಗುತ್ತಿದೆ, ಸ್ವಲ್ಪ ಜೋರಾಗಿ. ನಾಲ್ಕು ಪುಟದ ಸೈಟಿಗೆ 20 ಸಾವಿರ ಕೇಳುವುದು ವರ್ಷ ವರ್ಷ ಕಷ್ಟವಾಗುತ್ತದೆ. ಸಣ್ಣ ಅಂಗಡಿಯವನಿಗೆ ವಾಟ್ಸಾಪ್ ಕ್ಯಾಟಲಾಗ್, ಇನ್‌ಸ್ಟಾಗ್ರಾಮ್, ಗೂಗಲ್ ಮ್ಯಾಪಿನಲ್ಲೊಂದು ಗುರುತು ಸಾಕು. ಅವನಿಗೆ ಸೈಟ್ ಮಾರುವ ಆಸೆ ಬಿಡಿ.

ಆದರೆ ಸೈಟ್ ನಿಜವಾಗಿಯೂ ಬೇಕಾದವರು ಇದ್ದಾರೆ. ಮಲ್ಪೆ ಹತ್ತಿರ ನಮ್ಮ ಚಿಕ್ಕಮ್ಮನ ಹೋಂಸ್ಟೇ ಇದೆ. ಒಬ್ಬ ಹುಡುಗ ಚಂದದ ಸೈಟ್ ಮಾಡಿಕೊಟ್ಟ. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ತನ್ನದೇ ಇಮೇಲ್ ಹಾಕಿ ತೆಗೆದಿದ್ದ. ಎರಡು ವರ್ಷ ಕಳೆದ ಮೇಲೆ ಅವನ ನಂಬರ್ ಸ್ವಿಚ್ ಆಫ್. ರಿನ್ಯೂವಲ್ ನೆನಪಿಸುವ ಮೇಲ್‌ಗಳೆಲ್ಲ ಅವನಿಗೇ ಹೋಗುತ್ತಿದ್ದವು, ಚಿಕ್ಕಮ್ಮನಿಗೆ ಒಂದೂ ಬರಲಿಲ್ಲ. ಡಿಸೆಂಬರ್ ಸೀಸನ್ನಿನಲ್ಲಿ ಸೈಟ್ ಮಾಯ, ಹೆಸರು ಬೇರೆ ಯಾರದೋ ಪಾಲು. ಕಾರ್ಡು, ಬೋರ್ಡು ಎಲ್ಲದರ ಮೇಲೂ ಆ ಹೆಸರೇ ಇತ್ತು ಮಾರಾಯ್ರೆ! ವರ್ಷಕ್ಕೆ ಹತ್ತು ಸಾವಿರ ತೆಗೆದುಕೊಂಡು ಇದನ್ನೆಲ್ಲ ನೋಡಿಕೊಳ್ಳುತ್ತೇನೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಚಿಕ್ಕಮ್ಮ ಚೌಕಾಶಿ ಮಾಡಿ ಎಂಟಕ್ಕಾದರೂ ಒಪ್ಪುತ್ತಿದ್ದರು.

ನೀವು ಮಾರಬೇಕಾದದ್ದು ಇದನ್ನೇ. ರಿನ್ಯೂವಲ್, ಬ್ಯಾಕಪ್, ಪ್ಲಗಿನ್ ಅಪ್‌ಡೇಟ್, ಬುಕಿಂಗ್ ಫಾರ್ಮ್ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು, ತಿಂಗಳಿಗೆ ಎರಡು ಬದಲಾವಣೆ. ವಾಟರ್ ಫಿಲ್ಟರಿಗೆ, ಇನ್ವರ್ಟರಿಗೆ ಎಎಂಸಿ (ವರ್ಷದ ನಿರ್ವಹಣೆಯ ದುಡ್ಡು) ಕಟ್ಟುವ ಜನ ಇದಕ್ಕೂ ಕಟ್ಟುತ್ತಾರೆ, ಕೇಳಿದರೆ. ಇನ್ನು ಡೊಮೇನನ್ನು ಮಾತ್ರ ಗಿರಾಕಿಯ ಹೆಸರಲ್ಲೇ ಇಡಿ.

ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ನಿಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಎಂಬ ಉಳಿತಾಯ ಯೋಜನೆ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದ. ಮೊತ್ತ ಸಣ್ಣದು, ಆದರೆ ನಾಳೆಯೂ ಬರುತ್ತದೆ. ನಿಮ್ಮ ಅಮ್ಮನಿಗೆ ವೆಬ್ ಡಿಸೈನ್ ಅರ್ಥವಾಗದಿದ್ದರೂ ಪಿಗ್ಮಿ ಖಂಡಿತ ಅರ್ಥವಾಗುತ್ತದೆ.

ಈಗ ಆ ಏಜೆನ್ಸಿ. ನಿಮ್ಮ ಆದಾಯದ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದ ಬರುತ್ತದೆ. ಹಾಗಾದರೆ ಅವರು ಗಿರಾಕಿ ಅಲ್ಲ, ಪಿಎಫ್ ಕೊಡದ ಬಾಸ್. ನಾಳೆ ಅವರು ಎಐ ಹಿಡಿದುಕೊಂಡು ನಿಮ್ಮನ್ನು ಬಿಟ್ಟರೆ ಒಂದೇ ಮೇಲ್‌ನಲ್ಲಿ 3.2 ಲಕ್ಷ ಹೋಯಿತು. ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಯ ಬೋಟಿನವರಿಗೂ ಕೆಲಸ ನಿಲ್ಲುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಎಂದು ಅವರಿಗೆ ಮೊದಲೇ ಗೊತ್ತು. ನಿಮ್ಮ ಮಳೆಗಾಲ ಯಾವಾಗ ಬರುತ್ತದೆ ಎಂದು ನಿಮಗೆ ಗೊತ್ತಿಲ್ಲ. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಇದೆಯಾ? ಪತ್ರದಲ್ಲಿ ಅದೂ ಇಲ್ಲ.

ಸತಾಯಿಸುವುದಕ್ಕೆ ಮಾತ್ರ ಮದ್ದಿದೆ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲಿನಲ್ಲಿ ಆಧಾರ್, ಪ್ಯಾನ್ ಕೊಟ್ಟು ನೋಂದಣಿ ಮಾಡಿಸಿ. ಪೈಸೆ ಖರ್ಚಿಲ್ಲ, ದುಡ್ಡು ಕೇಳುವ ಏಜೆಂಟ್ ಹತ್ತಿರ ಸುಮ್ನೆ ಹೋಗಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು, ಬರೆದ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇನ್‌ವಾಯ್ಸಿನ ಕೆಳಗೆ ಉದ್ಯಮ್ ನಂಬರ್ ಹಾಕಿ ಈ ಒಂದು ಸಾಲು ಬರೆದುಬಿಡಿ. ಜಗಳ ಬೇಕಾಗಿಲ್ಲ. ಜಿಎಸ್‌ಟಿ ಚಿಂತೆ ಈಗ ಬೇಡ, ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಿಲ್ಲ. ಅಂದಹಾಗೆ, ಉದ್ಯಮ್ ಸರ್ಟಿಫಿಕೇಟಿನಲ್ಲಿ ಭಾರತ ಸರ್ಕಾರ ಎಂದು ಇರುತ್ತದೆ. ಒಂದು ಪ್ರಿಂಟ್ ತೆಗೆದು ಅಮ್ಮನ ಕೈಗೆ ಕೊಡಿ. ಗಂಡಿನ ಕಡೆಯವರಿಗೆ ತೋರಿಸಲು ಒಂದು ಕಾಗದ ಆಯಿತಲ್ವಾ!

ಹಾಗಂತ ಮಂಗಳೂರಿನ ಕೆಲಸ ಕೆಟ್ಟದ್ದಲ್ಲ. 42 ಸಾವಿರ ಅಂದರೆ ವರ್ಷಕ್ಕೆ 5.04 ಲಕ್ಷ. ನಿಮ್ಮ 5.4ರಲ್ಲಿ ಹೋಸ್ಟಿಂಗ್, ಸಾಫ್ಟ್‌ವೇರ್, ಹೊಸ ಲ್ಯಾಪ್‌ಟಾಪ್ ಕಳೆದರೆ ಎರಡೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಜ್ವರ ಬಂದರೂ ಸಂಬಳ ಬರುತ್ತದೆ. ಅದಕ್ಕೆ ಪ್ರತಿಯಾಗಿ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರಲು ಮೂರು ಗಂಟೆ, ಇಲ್ಲವೇ ಪಿಜಿ ಬಾಡಿಗೆ. 42 ಸಾವಿರದಲ್ಲಿ ಕೈಗೆ ಬರುವುದೆಷ್ಟು ಎಂದೂ ಕೇಳಿ.

ನನ್ನ ಸಲಹೆ ಇಷ್ಟು. ತಿಂಗಳ ಕೊನೆಯವರೆಗೆ ಟೈಮ್ ಇದೆ. ಆ 30 ಮಂದಿಗೂ ಫೋನ್ ಮಾಡಿ, ಮೆಸೇಜ್ ಅಲ್ಲ. ವರ್ಷಕ್ಕೆ ಹತ್ತು ಸಾವಿರ, ಇಷ್ಟಿಷ್ಟು ನೋಡಿಕೊಳ್ಳುತ್ತೇನೆ, ಐದು ಸಾವಿರ ಅಡ್ವಾನ್ಸ್ ಎಂದು ಹೇಳಿ. 'ನೋಡುವ' ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮೂರಲ್ಲಿ ಆ ಮಾತಿನ ಅರ್ಥ ನಿಮಗೂ ಗೊತ್ತು. ಅಡ್ವಾನ್ಸ್ ಹಾಕಿದವರು ಹತ್ತು ಮಂದಿ ಆದರೆ ಆಫರ್ ಬಿಡಿ. ವರ್ಷಕ್ಕೆ ಒಂದು ಲಕ್ಷ ಖಾಯಂ ಆಯಿತು, ಮುಂದಿನ ಸೈಟುಗಳು ಅದರ ಮೇಲೆ ಸೇರುತ್ತವೆ. ಐದೂ ಆಗದಿದ್ದರೆ ಕೆಲಸಕ್ಕೆ ಸೇರಿ. ಅದು ಸೋಲಲ್ಲ. ಹೊರಗಿನ ಕೆಲಸ ಮಾಡಬಾರದು ಎಂಬ ಷರತ್ತು ಇದೆಯೇ ಎಂದು ಮಾತ್ರ ಸಹಿ ಹಾಕುವ ಮೊದಲು ಓದಿ. ಐದಕ್ಕೂ ಹತ್ತಕ್ಕೂ ನಡುವೆ ನಿಂತರೆ, ಸೇರುವ ತಾರೀಕು ಎರಡು ತಿಂಗಳು ಮುಂದೆ ಹಾಕಲು ಕಂಪನಿಯನ್ನು ಕೇಳಿ ನೋಡಿ.

ಮೊದಲ ಫೋನ್ ಆ ಕ್ಯಾಟರಿಂಗ್ ಅಣ್ಣನಿಗೇ ಇರಲಿ. ಮೆನುವಿಗಾಗಿ ರಾತ್ರಿ ಹತ್ತಕ್ಕೆ ಎಬ್ಬಿಸುವವರಿಗೆ ಸೈಟ್ ಬೇಕೇ ಬೇಕು. ಬೆಳಿಗ್ಗೆ ಹತ್ತರೊಳಗೆ ಮಾಡಿ, ಆಮೇಲೆ ಅವರು ಬಡಿಸುವ ಗಡಿಬಿಡಿಯಲ್ಲಿರುತ್ತಾರೆ.