ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ವಿಮಾನ ಮೂರು ಗಂಟೆ ತಡ, ಮುಂಬೈಯಲ್ಲಿ ಮಸ್ಕತ್ ವಿಮಾನ ತಪ್ಪಿತು. ದುಡ್ಡು ಸಿಗುತ್ತದಾ?

ಮೊದಲು ಟಿಕೆಟ್ ತೆಗೆದು ನೋಡಿ. ಮಂಗಳೂರು–ಮುಂಬೈ, ಮುಂಬೈ–ಮಸ್ಕತ್ ಎರಡೂ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇವೆಯಾ? ಇದ್ದರೆ ನಿಮ್ಮನ್ನು ಮಸ್ಕತ್‌ಗೆ ತಲುಪಿಸುವುದು ವಿಮಾನ ಕಂಪನಿಯ ಜವಾಬ್ದಾರಿ. ಮುಂದಿನ ವಿಮಾನಕ್ಕೆ ಹಾಕಿಕೊಡಿ ಅಂತ ಗಟ್ಟಿಯಾಗಿಯೇ ಕೇಳಿ.

ಬೇರೆ ಬೇರೆ ಟಿಕೆಟ್ ಆಗಿದ್ದರೆ ಕಷ್ಟ. ನಾನು ಉಡುಪಿಯವನು, ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಒಮ್ಮೆ ಹಾಗೇ ಮಾಡಿದ್ದೆ. ಜುಲೈ ತಿಂಗಳು, ಬಜ್ಪೆ ಗುಡ್ಡದ ಮೇಲೆ ರನ್‌ವೇಯೇ ಕಾಣದ ಮಳೆ. ನಾವು ಹತ್ತಬೇಕಿದ್ದ ವಿಮಾನ ಮೇಲೆಯೇ ಸುತ್ತು ಹೊಡೆದು ಬೆಂಗಳೂರಿಗೆ ಹೋಯಿತು. ಮುಂಬೈ ಮುಟ್ಟಿದಾಗ ಎರಡನೇ ವಿಮಾನದ ಚೆಕ್-ಇನ್ ಮುಚ್ಚಿತ್ತು. "ಅದು ಬೇರೆ ಟಿಕೆಟ್ ಸರ್" ಅಂದರು, ಮುಗೀತು. ಆದರೆ ಹತ್ತದೇ ಉಳಿದ ಟಿಕೆಟ್‌ನ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ವಾಪಸ್ ಕೊಡಲೇಬೇಕು. ಕೇಳಿದ ಮೇಲೆ ನನಗೂ ಬಂತು. ಕೇಳದಿದ್ದರೆ ಬರುತ್ತಿರಲಿಲ್ಲ, ಅಲ್ವಾ?

ಇನ್ನು ತಡದ ವಿಷಯ. ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಂತೆ ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ 2 ಗಂಟೆ ತಡವಾದರೆ ಊಟ-ತಿಂಡಿ ಕೊಡಬೇಕು. ಮುಂಬೈ ಹಾರಾಟ ಈ ಲೆಕ್ಕದಲ್ಲೇ ಬರುತ್ತದೆ. ದೇಶದೊಳಗಿನ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನಕ್ಕೆ ಅಷ್ಟು ತಡವಾದರೆ ಹೋಟೆಲ್ ಕೂಡ. ಪರಿಹಾರದ ಮಾತು ಬೇರೆ. ಮಳೆ, ಮಂಜು, ಏರ್ ಟ್ರಾಫಿಕ್ ಕಾರಣ ಅಂದರೆ ಪರಿಹಾರ ಕೊಡಬೇಕಾಗಿಲ್ಲ. ವಿಮಾನ ಕೆಟ್ಟಿತ್ತು ಅಂದರೆ ವಾದಕ್ಕೆ ಜಾಗ ಇದೆ. ಅದಕ್ಕೇ ತಡದ ಕಾರಣವನ್ನು ಬರೆಸಿಕೊಳ್ಳಿ ಅನ್ನುವುದು. ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಇಮೇಲ್ ಆದರೂ ಸಾಕು. ಬೋರ್ಡಿಂಗ್ ಪಾಸ್, ಹೊಸ ಟಿಕೆಟ್ ಬಿಲ್, ಟ್ಯಾಕ್ಸಿ ರಸೀದಿ ಎಲ್ಲ ಇಟ್ಟುಕೊಳ್ಳಿ.

ಮೊದಲು ಕಂಪನಿಗೆ ಬರೆಯಿರಿ. ಅವರು ಸುಮ್ನೆ ಕೂತರೆ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕಿ, ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮುಂಬೈಗೆ ಅಲೆಯಬೇಕಾಗಿಲ್ಲ. ಟಿಕೆಟ್‌ಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.