ಅಂಕಪಟ್ಟಿಯಲ್ಲಿ ಕಾಣದ ಆಟ

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಇಟಲಿಯ ಕೊನೆಲ್ಯಾನೊ ಮಹಿಳಾ ವಾಲಿಬಾಲ್ ತಂಡವನ್ನು ಬಾಯ್ತುಂಬ ಹೊಗಳಿದ್ದೀರಿ. ಹಣ ಸುರಿದು ಒಳ್ಳೆಯ ಆಟಗಾರ್ತಿಯರನ್ನೆಲ್ಲ ಕಟ್ಟಿಕೊಂಡವರು ಗೆದ್ದರೆ ಅದರಲ್ಲೇನು ಹೆಚ್ಚುಗಾರಿಕೆ? ನನ್ನ ಮಗಳು ಕಾಲೇಜು ತಂಡದ ಲಿಬೆರೊ, ಅಂದರೆ ಹಿಂಬದಿ ಕಾಯುವ ಆಟಗಾರ್ತಿ. ಮೂರು ವರ್ಷ ಆಡಿದರೂ ಅವಳ ಹೆಸರು ಒಂದು ವರದಿಯಲ್ಲೂ ಬರಲಿಲ್ಲ, ನಿಮ್ಮ ಪತ್ರಿಕೆಯಲ್ಲೂ ಇಲ್ಲ. ಇನ್ನು ಸಾಕು, ಬಿಟ್ಟುಬಿಡು ಎನ್ನೋಣವೆಂದಿದ್ದೇನೆ."

ಪ್ರಿಯ ಸಹೋದರಿ, ನಮಸ್ಕಾರ.

ದಯವಿಟ್ಟು ಹಾಗೆ ಹೇಳಬೇಡಿ. ನಿಮ್ಮ ಎರಡು ದೂರುಗಳಿಗೂ ಉತ್ತರ ಒಂದೇ ಕಡೆ ಇದೆ ಎಂದು ನನಗನ್ನಿಸುತ್ತದೆ.

ಹಣದ ಮಾತು ಅರ್ಧ ನಿಜ. 2012ರಲ್ಲಿ ಹುಟ್ಟಿದ ಈ ಕ್ಲಬ್ 2019ರಲ್ಲಿ ಪಾವೊಲಾ ಎಗೊನು ಎಂಬ ಭಾರೀ ಹೊಡೆತಗಾರ್ತಿಯನ್ನು ಕರೆತಂದಿತು. ಆ ವರ್ಷದ ಕೊನೆಯಿಂದ 2021ರ ಕೊನೆಯವರೆಗೆ ಸತತ 76 ಪಂದ್ಯ ಗೆದ್ದು, ಇಸ್ತಾಂಬುಲ್‌ನ ವಕೀಫ್‌ಬ್ಯಾಂಕ್ ತಂಡದ ಹೆಸರಿನಲ್ಲಿದ್ದ 73 ಗೆಲುವಿನ ದಾಖಲೆಯನ್ನು ಮುರಿಯಿತು. ಆ ನಡುವೆಯೇ, 2021ರ ಮೇ ತಿಂಗಳಲ್ಲಿ, ವೆರೋನಾದಲ್ಲಿ ಅದೇ ವಕೀಫ್‌ಬ್ಯಾಂಕನ್ನು ಐದು ಸೆಟ್‌ಗಳಲ್ಲಿ ಮಣಿಸಿ ಮೊದಲ ಬಾರಿಗೆ ಯುರೋಪಿನ ಚಾಂಪಿಯನ್ಸ್ ಲೀಗ್ ಎತ್ತಿತು. ಮರುವರ್ಷದ ಫೈನಲ್‌ನಲ್ಲಿ ಅವರಿಗೇ ಸೋತಿತು.

ಆಮೇಲೆ ನಡೆದದ್ದನ್ನು ಗಮನಿಸಿ. 2022ರಲ್ಲಿ ಎಗೊನು ವಕೀಫ್‌ಬ್ಯಾಂಕಿಗೆ ಹೋದರು. ಅಲ್ಲಿದ್ದ ಸ್ವೀಡನ್ನಿನ ಇಸಾಬೆಲ್ ಹಾಕ್ ಇಲ್ಲಿಗೆ ಬಂದರು. ಎರಡು ಮನೆಯವರು ದೊಡ್ಡ ಫಿರಂಗಿಗಳನ್ನು ಅದಲುಬದಲು ಮಾಡಿಕೊಂಡಂತೆ. ಅದೇ ಡಿಸೆಂಬರಿನ ವಿಶ್ವ ಕ್ಲಬ್ ಫೈನಲ್‌ನಲ್ಲಿ ಗೆದ್ದದ್ದು ಕೊನೆಲ್ಯಾನೊ. 2023ರ ಯುರೋಪ್ ಕಿರೀಟ ವಕೀಫ್‌ಬ್ಯಾಂಕಿನ ಪಾಲಾಯಿತು, ಅದನ್ನು ಮುಚ್ಚಿಡಲಾರೆ. ಆದರೆ 2024 ಮತ್ತು 2025 ಮತ್ತೆ ಇವರದೇ. ಇಟಲಿಯ ಲೀಗನ್ನಂತೂ 2018ರಿಂದ 2025ರವರೆಗೆ, ಕೊರೊನಾದಿಂದ ಅರ್ಧಕ್ಕೇ ನಿಂತ 2020ನ್ನು ಬಿಟ್ಟು, ಯಾರಿಗೂ ಬಿಟ್ಟುಕೊಟ್ಟಿಲ್ಲ.

ಈ ವರ್ಷಗಳಲ್ಲಿ ಹೊಡೆಯುವವರು ಬದಲಾದರು. ಬದಲಾಗದೆ ಉಳಿದವರು ಯಾರು? ಚೆಂಡನ್ನು ಎತ್ತಿಕೊಡುವ ಸೆಟ್ಟರ್, 2017ರಲ್ಲಿ ಬಂದ ಪೋಲೆಂಡಿನ ಯೊಆನ್ನಾ ವೊವೊಷ್. ಮತ್ತು ಅವರಿಗೂ ಮೊದಲೇ, 2013ರಲ್ಲಿ ಸೇರಿದ ಮೋನಿಕಾ ದೆ ಜೆನ್ನಾರೊ. ಆ ಮೋನಿಕಾ ನಿಮ್ಮ ಮಗಳಂತೆಯೇ ಲಿಬೆರೊ. ಅವರ ಎತ್ತರ 1.74 ಮೀಟರ್, ಆ ಮಟ್ಟದ ವಾಲಿಬಾಲಿಗೆ ಕುಳ್ಳಿಯೇ. 2024ರಲ್ಲಿ ಪ್ಯಾರಿಸ್‌ನಲ್ಲಿ ಇಟಲಿಯ ವನಿತೆಯರು ಒಲಿಂಪಿಕ್ ಚಿನ್ನ ಗೆದ್ದಾಗಲೂ ಹಿಂಬದಿ ಕಾದವರು ಇವರೇ.

ನಮ್ಮ ಉಳಿದ ಓದುಗರಿಗಾಗಿ ಒಂದು ಮಾತು: ತಂಡದ ಉಳಿದವರಿಗಿಂತ ಬೇರೆ ಬಣ್ಣದ ಜರ್ಸಿ ತೊಡುವ ಲಿಬೆರೊ ಸರ್ವ್ ಮಾಡುವಂತಿಲ್ಲ, ಬ್ಲಾಕ್‌ಗೆ ಹಾರುವಂತಿಲ್ಲ, ನೆಟ್ಟಿಗಿಂತ ಮೇಲಿರುವ ಚೆಂಡನ್ನು ಎದುರಾಳಿಯ ಕಡೆಗೆ ಹೊಡೆಯುವಂತಿಲ್ಲ. ಅಂಕ ಗಳಿಸುವ ದಾರಿಗಳನ್ನು ಬಹುಮಟ್ಟಿಗೆ ನಿಯಮವೇ ಮುಚ್ಚಿದೆ. ಹಾಗಿರುವಾಗ ಅಂಕಪಟ್ಟಿ ನೋಡಿ ವರದಿ ಬರೆಯುವವನಿಗೆ ಅವಳು ಕಾಣುವುದೆಲ್ಲಿಂದ?

ಕಳೆದ ಚಳಿಗಾಲದಲ್ಲಿ ಮಾಟುಂಗದ ಒಂದು ಮಣ್ಣಿನ ಅಂಕಣದ ಬಳಿ ಅರ್ಧ ಗಂಟೆ ನಿಂತಿದ್ದೆ. ಸುಣ್ಣದ ಗೆರೆ ಅಳಿಸಿಹೋಗಿತ್ತು. ಎದುರು ತಂಡದ ಎತ್ತರದ ಹುಡುಗಿ ಸರ್ವ್‌ಗೆ ನಿಂತಾಗ, ಈ ಕಡೆ ಪುಟ್ಟದೊಂದು ಹುಡುಗಿ ಚೆಂಡು ಏಳುವ ಮೊದಲೇ ಎಡಕ್ಕೆ ಎರಡು ಹೆಜ್ಜೆ ಸರಿದಿದ್ದಳು. ಚೆಂಡು ಮುಂಗೈಗೆ ಬಡಿದು ಸದ್ದಿಲ್ಲದೆ ಸೆಟ್ಟರಿನ ತಲೆಯ ಮೇಲಕ್ಕೆ ಹೋಯಿತು. ಮರುಕ್ಷಣ ಸ್ಮ್ಯಾಶ್, ಅಂಕ, ಕೇಕೆ. ಎಲ್ಲರೂ ಹೊಡೆದವಳನ್ನು ಅಪ್ಪಿಕೊಂಡರು. ಈ ಹುಡುಗಿ ಕೆಂಪಾದ ಮುಂಗೈಯನ್ನು ಚಡ್ಡಿಗೆ ಒರೆಸಿಕೊಂಡು ತನ್ನ ಜಾಗಕ್ಕೆ ಮರಳಿದಳು. ಅವಳು ಆ ಎರಡು ಹೆಜ್ಜೆ ಇಟ್ಟದ್ದು ಹೇಗೆ ಎಂದು ದಾದರ್ ತಲುಪುವವರೆಗೂ ಯೋಚಿಸುತ್ತಿದ್ದೆ. ಅಂಥದ್ದನ್ನು ಕಲಿಯಲು ವರ್ಷಗಟ್ಟಲೆ ಬೇಕು. ಹಣ ಕೊಟ್ಟು ಹೊಡೆತಗಾರ್ತಿಯನ್ನು ಕರೆತರಬಹುದು. ಅವಳ ಕೈಗೆ ಚೆಂಡು ಸರಿಯಾಗಿ ತಲುಪುವುದಕ್ಕೆ ಹಲವು ವರ್ಷ ಜೊತೆಗೇ ಇದ್ದವರು ಬೇಕು. 76ರ ಲೆಕ್ಕವನ್ನು ನಾನು ಓದುವುದು ಹೀಗೆ.

ನಿಮ್ಮ ಪತ್ರದ ಹಿಂದೆ ಬೇರೊಂದು ಆತಂಕವೂ ಇರಬಹುದು: ಆಡಿ ಮುಂದೇನು? ನಮ್ಮ ನಗರದ ಹೆಸರು ಹೊತ್ತ ಮುಂಬೈ ಮೀಟಿಯರ್ಸ್ ಆಡುವ ಪ್ರೈಮ್ ವಾಲಿಬಾಲ್ ಪುರುಷರ ಲೀಗ್. ನಮ್ಮ ಹುಡುಗಿಯರಿಗೆ ಆಟದಿಂದ ಅನ್ನ ಸಿಗುವ ದಾರಿ ಬಹುಕಾಲದಿಂದ ರೈಲ್ವೆಯಂಥ ಸಂಸ್ಥೆಗಳ ಕ್ರೀಡಾ ಕೋಟಾ. ಅದು ಇಕ್ಕಟ್ಟಾದ ಬಾಗಿಲು, ಸುಲಭವೆಂದು ಹೇಳಿ ನಿಮ್ಮನ್ನು ನಂಬಿಸಲಾರೆ. ಓದು ನಡೆಯುತ್ತಿರಲಿ. ಆದರೆ ಹೆಸರು ಬರಲಿಲ್ಲವೆಂಬ ಕಾರಣಕ್ಕೆ ಅವಳನ್ನು ಅಂಕಣದಿಂದ ಹೊರಗೆ ಕರೆಯಬೇಡಿ. ಆ ತಪ್ಪು ಅವಳದಲ್ಲ. ನಾವೂ ಸ್ಕೋರ್ ನೋಡಿ ಹೆಸರು ಅಚ್ಚುಹಾಕಿದವರೇ. ಅದಕ್ಕಾಗಿ ಅವಳಲ್ಲಿ ಕ್ಷಮೆ ಕೇಳುತ್ತೇನೆ.

ಮುಂದಿನ ಪಂದ್ಯ ಯಾವತ್ತು, ಎಲ್ಲಿ ಎಂದು ಒಂದು ಸಾಲು ಬರೆದು ತಿಳಿಸಿ. ನಮ್ಮ ಛಾಯಾಗ್ರಾಹಕರನ್ನು ಕಳುಹಿಸುತ್ತೇನೆ. ನೆಟ್ಟಿನ ಹತ್ತಿರ ನಿಲ್ಲಬೇಡಿ, ಬೇರೆ ಬಣ್ಣದ ಜರ್ಸಿ ತೊಟ್ಟವಳ ಹಿಂದೆಯೇ ಇರಿ ಎಂದು ಅವರಿಗೆ ಆಗಲೇ ಹೇಳಿದ್ದೇನೆ.

— ಸಂಪಾದಕ