ವಿಕ್ಕನ್ ಗೆಳತಿ ಊಟಕ್ಕೆ ಕರೆದಿದ್ದಾಳೆ. ಕ್ರೈಸ್ತಳಾದ ನಾನು ಅವಳ ಜೊತೆ ಧರ್ಮದ ಮಾತಾಡೋದು ಹೇಗೆ?

ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ನೀವು ಉಡುಪಿ ಕಡೆಯ ಪ್ರೊಟೆಸ್ಟೆಂಟ್ ಮನೆತನದವರು, ಈಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಒಂದೇ ವಾರ್ಡಿನಲ್ಲಿ ಕೆಲಸ ಮಾಡುವ ಗೆಳತಿ ತಾನು ವಿಕ್ಕನ್, ಅಂದರೆ ಪ್ರಕೃತಿಯನ್ನು ಆರಾಧಿಸುವ ವಿಕ್ಕಾ ಎಂಬ ಧರ್ಮದವಳು ಅಂತ ಹೇಳಿ, ಅಕ್ಟೋಬರ್ 31ರ ರಾತ್ರಿ ಊಟಕ್ಕೆ ಕರೆದಿದ್ದಾಳೆ. ನಿಮ್ಮ ಚರ್ಚಿನವರೊಬ್ಬರು 'ಅದು ಸೈತಾನನ ಪೂಜೆ, ಹೋಗಬೇಡ' ಅಂದಿದ್ದಾರೆ. ಇಬ್ಬರಿಗೂ ನೋವಾಗದ ಹಾಗೆ ಧರ್ಮದ ಮಾತಾಡೋದು ಸಾಧ್ಯವಾ, ಇಲ್ಲ ಸುಮ್ನಿರೋದೇ ಒಳ್ಳೇದಾ ಅಂತ ಕೇಳಿದ್ದೀರಿ.

ಸಾಧ್ಯ. ನಮ್ಮದೂ ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ) ಸಭೆಯ ಮನೆತನ. ಈಗ ನಾನಿರುವುದು ಇಂಗ್ಲೆಂಡಿನ ಸೋಮರ್ಸೆಟ್‌ನಲ್ಲಿ, ಗ್ಲಾಸ್ಟನ್‌ಬರಿ ಇಲ್ಲೇ ಹತ್ತಿರ. ಅಲ್ಲಿ ಪಾಳುಬಿದ್ದ ಹಳೇ ಮಠ ನೋಡಲು ಬರುವ ಕ್ರೈಸ್ತ ಯಾತ್ರಿಕರೂ, ಸೂರ್ಯೋದಯಕ್ಕೆ ಗುಡ್ಡ ಹತ್ತುವ ಪೇಗನ್ನರೂ (ಪ್ರಕೃತಿಯನ್ನು, ಯುರೋಪಿನ ಹಳೇ ದೇವತೆಗಳನ್ನು ಆರಾಧಿಸುವವರು; ವಿಕ್ಕನ್ನರೂ ಇವರಲ್ಲೇ ಸೇರುತ್ತಾರೆ) ಒಂದೇ ಬೀದಿಯ ಅಂಗಡಿಗಳಲ್ಲಿ ಚಹಾ ಕುಡಿಯುತ್ತಾರೆ. ಇಲ್ಲಿನ ಸರ್ವಧರ್ಮ ಗುಂಪಿನಲ್ಲಿ ಒಬ್ಬ ವಿಕ್ಕನ್ ದಂಪತಿ ಇದ್ದಾರೆ. ನನಗೆ ಗೊತ್ತಿರುವುದರಲ್ಲಿ ಅರ್ಧ ಅವರಿಂದ ಬಂದದ್ದು.

ಮೊದಲು ಸೈತಾನನ ವಿಷಯ ಮುಗಿಸೋಣ. ವಿಕ್ಕಾದಲ್ಲಿ ಸೈತಾನನೇ ಇಲ್ಲ. ಸೈತಾನ ಇರುವುದು ನಮ್ಮ ಬೈಬಲ್ಲಿನಲ್ಲಿ. ಅದನ್ನೇ ಒಪ್ಪದವರು ಅದರೊಳಗಿನ ಸೈತಾನನನ್ನು ಎಲ್ಲಿಂದ ತಂದು ಪೂಜಿಸುತ್ತಾರೆ? ಅವರು ಆರಾಧಿಸುವುದು ಒಬ್ಬ ದೇವಿಯನ್ನು ಮತ್ತು ಕೊಂಬಿರುವ ಒಬ್ಬ ದೇವನನ್ನು. ಕೊಂಬು ಜಿಂಕೆಯದು, ಕಾಡಿನ ಗುರುತು. ಯುರೋಪಿನ ಹಳೇ ಚಿತ್ರಗಳಲ್ಲಿ ಸೈತಾನನಿಗೂ ಕೊಂಬು ಬರೆದಿದ್ದರಿಂದ ಗೊಂದಲ ಜಾಸ್ತಿಯಾಯಿತು. ಕೆಲವರಿಗೆ ಈ ದೇವ-ದೇವಿ ನಿಜವಾಗಿ ಇರುವವರು, ಕೆಲವರಿಗೆ ಪ್ರಕೃತಿಯ ಎರಡು ಮುಖ, ಇನ್ನು ಕೆಲವರಿಗೆ ಬರೀ ಸಂಕೇತ. ಪೋಪ್ ಇಲ್ಲ, ಎಲ್ಲರೂ ಒಪ್ಪಿದ ಒಂದು ಗ್ರಂಥ ಇಲ್ಲ. ಹಾಗಾಗಿ 'ವಿಕ್ಕನ್ನರು ಹೀಗೆ ನಂಬುತ್ತಾರೆ' ಅನ್ನುವ ಯಾವ ಮಾತನ್ನೂ, ನನ್ನದನ್ನೂ ಸೇರಿಸಿ, ನಿಮ್ಮ ಗೆಳತಿಯ ಹತ್ತಿರ ಒಮ್ಮೆ ಕೇಳಿಯೇ ನಂಬಿ.

ಹೆಚ್ಚಿನವರು ಒಪ್ಪುವ ನೀತಿ ಒಂದಿದೆ: ಯಾರಿಗೂ ಕೇಡಾಗದಿದ್ದರೆ ನಿನಗೆ ಸರಿ ಕಂಡದ್ದು ಮಾಡು. ಜೊತೆಗೆ, ನೀನು ಮಾಡಿದ್ದು ಮೂರು ಪಟ್ಟಾಗಿ ನಿನಗೇ ವಾಪಸ್ ಬರುತ್ತದೆ ಅಂತ ಹಲವರು ನಂಬುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅನ್ನೋದನ್ನ ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರ ಅನ್ನಿಸಬೇಕಾಗಿಲ್ಲ.

ಈ ಧರ್ಮ ಹಳೆಯದಾ? ಈಗಿನ ರೂಪದಲ್ಲಿ ಅಲ್ಲ. ಮಲಯಾದಲ್ಲಿ ಕಸ್ಟಮ್ಸ್ ಕೆಲಸ ಮಾಡಿ 1936ರಲ್ಲಿ ನಿವೃತ್ತರಾದ ಜೆರಾಲ್ಡ್ ಗಾರ್ಡ್ನರ್ ಎಂಬ ಇಂಗ್ಲಿಷ್ ಅಧಿಕಾರಿ ಇದನ್ನು ಹೊರಜಗತ್ತಿಗೆ ತಂದವರು. ಬ್ರಿಟನ್ನಿನ 1735ರ ಮಾಟದ ಕಾಯ್ದೆ 1951ರಲ್ಲಿ ರದ್ದಾಯಿತು, 1954ರಲ್ಲಿ ಇದರ ಬಗ್ಗೆ ಗಾರ್ಡ್ನರ್ ಬರೆದ ಪುಸ್ತಕ ಬಂತು. ಆಚರಣೆಯ ಪ್ರಾರ್ಥನೆಗಳಿಗೆ ಚಂದದ ಭಾಷೆ ಕೊಟ್ಟವರು ಡೊರೀನ್ ವ್ಯಾಲಿಯಂಟೆ ಎಂಬ ಮಹಿಳೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಜನ ವಿಕ್ಕಾ ಅಂತಲೂ, ಸುಮಾರು 74,000 ಜನ ಪೇಗನ್ ಅಂತಲೂ ಬರೆಸಿದ್ದಾರೆ. ಎಲ್ಲ ಪೇಗನ್ನರೂ ವಿಕ್ಕನ್ನರಲ್ಲ, ಅದು ನೆನಪಿರಲಿ.

ಇನ್ನು ನಿಮ್ಮ ಚರ್ಚಿನವರ ಮಾತು. ಅವರ ಹಿಂದೆ ಬೈಬಲ್ ಇದೆ, ಸುಳ್ಳಲ್ಲ. ವಿಮೋಚನಕಾಂಡ 22:18, ಧರ್ಮೋಪದೇಶಕಾಂಡ 18ನೇ ಅಧ್ಯಾಯ, ಎರಡೂ ಮಾಟ-ಕಣಿಗಳ ವಿರುದ್ಧ ಖಡಾಖಂಡಿತವಾಗಿ ಮಾತಾಡುತ್ತವೆ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ನಿಮ್ಮ ಗೆಳತಿಗೂ ಆ ವಾಕ್ಯ ಗೊತ್ತೇ ಇರುತ್ತದೆ, ಬಹುಶಃ ನಿಮಗಿಂತ ಚೆನ್ನಾಗಿ. ಆದರೆ ಅದೇ ವಿಮೋಚನಕಾಂಡದಲ್ಲಿ, ಎರಡು ಅಧ್ಯಾಯ ಹಿಂದೆ, ನೆರೆಯವರ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅನ್ನುವ ಆಜ್ಞೆಯೂ ಇದೆ. ಅವಳು ಭವಿಷ್ಯ ಹೇಳಲು ಕಾರ್ಡ್ ನೋಡುತ್ತಾಳೆ, ನನಗೆ ಅದು ಒಪ್ಪಿಗೆ ಇಲ್ಲ ಅನ್ನುವುದು ಭಿನ್ನಾಭಿಪ್ರಾಯ. ಅವಳು ಸೈತಾನನನ್ನು ಪೂಜಿಸುತ್ತಾಳೆ ಅನ್ನುವುದು ಸುಳ್ಳು ಸಾಕ್ಷಿ. ಚರ್ಚಿನಲ್ಲಿ ಮತ್ತೆ ಮಾತು ಬಂದರೆ ಇಷ್ಟನ್ನು ಹೇಳಿ.

ತಪ್ಪು ಕಥೆ ನಮ್ಮ ಕಡೆ ಮಾತ್ರ ಇದೆ ಅಂತಲ್ಲ. 'ಹಿಂದೆ ನಿಮ್ಮ ಚರ್ಚು ಮಾಟಗಾತಿಯರು ಅಂತ ನಮ್ಮ 90 ಲಕ್ಷ ಜನರನ್ನು ಸುಟ್ಟಿತು' ಅಂತ ಕೆಲವು ವಿಕ್ಕನ್ನರು ಈಗಲೂ ಹೇಳುತ್ತಾರೆ. ಆ ಸಂಖ್ಯೆ 18ನೇ ಶತಮಾನದ ಜರ್ಮನ್ ಬರಹಗಾರನೊಬ್ಬನ ಅಂದಾಜಿನಿಂದ ಹುಟ್ಟಿದ್ದು. ಇವತ್ತಿನ ಇತಿಹಾಸಕಾರರು ಇಡೀ ಯುರೋಪಿನಲ್ಲಿ ಸುಮಾರು 40ರಿಂದ 60 ಸಾವಿರ ಅನ್ನುತ್ತಾರೆ. ಅದೇನು ಕಡಿಮೆಯಾ? ಖಂಡಿತ ಅಲ್ಲ. ಆದರೆ ಸತ್ತವರು ವಿಕ್ಕನ್ನರಾಗಿರಲಿಲ್ಲ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ ರೆಬೆಕಾ ನರ್ಸ್ ಎಂಬ ವಯಸ್ಸಾದ ಹೆಂಗಸು ಚರ್ಚಿನ ಸದಸ್ಯೆ, ಭಕ್ತೆ ಅಂತಲೇ ಊರಲ್ಲಿ ಹೆಸರು. ಕ್ರೈಸ್ತರೇ ಕ್ರೈಸ್ತರನ್ನು ಕೊಂದ ಕಥೆ ಅದು. ಶಿಕ್ಷೆ ವಿಧಿಸಿದ ನ್ಯಾಯಾಧೀಶರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಸೀವಲ್ 1697ರಲ್ಲಿ ಬಾಸ್ಟನ್ನಿನ ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು, ತನ್ನ ತಪ್ಪೊಪ್ಪಿಗೆಯನ್ನು ಪಾದ್ರಿಯಿಂದ ಓದಿಸಿದರು. ನಿಮ್ಮ ಗೆಳತಿ ಈ ವಿಷಯ ಎತ್ತಿದರೆ ಸಂಖ್ಯೆ ತಿದ್ದುವುದಕ್ಕೆ ಮುಂಚೆ ಸೀವಲ್ ಬಗ್ಗೆ ಹೇಳಿ. ಸಂಖ್ಯೆ ಆಮೇಲೆ, ಕೇಳಿದರೆ.

ಈಗ ನಮ್ಮ ಊರಿನ ಮಾತು. ಇದು ತುಳುನಾಡಿನ ಕ್ರೈಸ್ತರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರ್ 30ಕ್ಕೆ. ಅವರ ಕೈಯಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ತುಂಬಾ ಜನ ಅದಕ್ಕೆ ಮೊದಲು ಭೂತಾರಾಧನೆ ಮಾಡುತ್ತಿದ್ದವರು. ಮಿಷನರಿ ಮೆನ್ನರ್ ಪಾಡ್ದನಗಳನ್ನು (ಭೂತಗಳ ಕಥೆ ಹೇಳುವ ತುಳು ಹಾಡುಗಳು) ಕಷ್ಟಪಟ್ಟು ಸಂಗ್ರಹಿಸಿದರು, 1886ರಲ್ಲಿ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದರು. ಅವರ ಈ ಉಪಕಾರ ದೊಡ್ಡದು. ಆದರೆ ಅದೇ ಸಾಮಗ್ರಿ ಬರ್ನೆಲ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಲ್ಲಿ ಇಂಗ್ಲಿಷಿಗೆ ಬಂದಾಗ ಅದರ ತಲೆಬರಹ 'ತುಳುವರ ಸೈತಾನ ಪೂಜೆ' ಅಂತಾಯಿತು. ತುಳುವರು ದೈವಗಳಾಗಿ ನಂಬುವ ಕೋಟಿ-ಚೆನ್ನಯರೂ ಪಂಜುರ್ಲಿಯೂ ಅದರ ಕೆಳಗೆ! ಕ್ರೈಸ್ತರಾಗಿದ್ದೂ ನಮಗೆ ಅದನ್ನು ಓದಿದಾಗ ಮೈ ಉರಿಯುತ್ತದೆ ಅಲ್ವಾ? ನಮ್ಮ ಹಿರಿಯರು ಬೇರೆ ನಂಬಿಕೆಗೆ ಹೋದರು, ಅದು ಅವರ ಆಯ್ಕೆ, ನಮ್ಮದೂ ಕೂಡ. ಆದರೆ ಅವರ ಅಜ್ಜ-ಅಜ್ಜಿ ಸೈತಾನನ ಭಕ್ತರಾಗಿರಲಿಲ್ಲ. ಒಂದು ನಂಬಿಕೆಯನ್ನು ಬಿಟ್ಟು ಬಂದರೂ ಅದರ ಬಗ್ಗೆ ನಿಜ ಹೇಳಬಹುದು. ನಿಮ್ಮ ಗೆಳತಿಯ ಮುಂದೆ ಕೂತಾಗ ಇದಕ್ಕಿಂತ ಒಳ್ಳೆಯ ತಯಾರಿ ಬೇರೆ ಇಲ್ಲ. ಈ ಕಥೆಯನ್ನು ಅವಳಿಗೂ ಹೇಳಿ.

ಆದರೆ ನಮ್ಮ ಊರಿನ ಇನ್ನೊಂದು ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಜಗಳ ಬೇಡ ಅಂತ ನಾವು ತಕ್ಷಣ 'ಎಲ್ಲಾ ದೇವರೂ ಒಂದೇ ಬಿಡಿ' ಅನ್ನುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ. ನಮ್ಮ ಗುಂಪಿನ ವಿಕ್ಕನ್ ಮಹಿಳೆಗೆ ಬೈದರೂ ಅಷ್ಟು ಸಿಟ್ಟು ಬರುವುದಿಲ್ಲ, ಈ ಮಾತಿಗೆ ಬರುತ್ತದೆ. ಯಾಕೆಂದರೆ ಒಂದೇ ಅಲ್ಲ. ನಮಗೆ ದೇವರು ಸೃಷ್ಟಿಗಿಂತ ಬೇರೆ, ಸೃಷ್ಟಿಯನ್ನು ಮಾಡಿದವನು. ಅವರಿಗೆ ದೇವಿ ಈ ಮಣ್ಣು, ನೀರು, ಮೈಯೊಳಗೇ ಇರುವವಳು. ನಮಗೆ ಪಾಪ ಇದೆ, ರಕ್ಷಕ ಬೇಕು. ಅವರ ಕಥೆಯಲ್ಲಿ ಮೂಲಪಾಪ ಇಲ್ಲ, ಹಾಗಾಗಿ ರಕ್ಷಕನ ಅಗತ್ಯವೂ ಇಲ್ಲ. ನಾವು ಪ್ರಾರ್ಥನೆಯಲ್ಲಿ ನಿನ್ನ ಚಿತ್ತದಂತೆ ಆಗಲಿ ಅನ್ನುತ್ತೇವೆ. ಅವರು ಮಂತ್ರ ಮಾಡುವಾಗ ತಮ್ಮ ಇಚ್ಛೆಯನ್ನೇ ಗಟ್ಟಿ ಮಾಡಿ ಒಂದು ಕಡೆ ತಿರುಗಿಸುತ್ತಾರೆ. ಇವೆಲ್ಲ ಸಣ್ಣ ವ್ಯತ್ಯಾಸಗಳಲ್ಲ. ಇವನ್ನು ಮೇಜಿನ ಮೇಲಿಟ್ಟು ಮಾತಾಡುವುದರಲ್ಲೇ ಮಜಾ ಇರುವುದು.

ಹಾಗೇ, ನಿಮ್ಮ ಮನಸ್ಸಲ್ಲಿ ಅವಳನ್ನು ಯೇಸುವಿನ ಕಡೆ ತರಬೇಕು ಅನ್ನುವ ಆಸೆ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಆಸೆ ತಪ್ಪಲ್ಲ. ಸ್ನೇಹದ ವೇಷ ಹಾಕಿಸಿ ಅದನ್ನು ಕಳುಹಿಸುವುದು ತಪ್ಪು. ಇಲ್ಲಿ ಎಷ್ಟೋ ವಿಕ್ಕನ್ನರು ಕ್ರೈಸ್ತ ಮನೆಗಳಲ್ಲೇ ಬೆಳೆದವರು, ಆ ವೇಷ ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಕೇಳಬಾರದ್ದು ಕೆಲವಿವೆ. ಬೆತ್ತಲೆಯಾಗಿ ಪೂಜೆ ಮಾಡ್ತೀರಂತೆ ಹೌದಾ ಅನ್ನುವುದು ಮೊದಲನೆಯದು. ಗಾರ್ಡ್ನರ್ ಪರಂಪರೆಯಲ್ಲಿ ಆ ಪದ್ಧತಿ ಇದೆ, ಎಲ್ಲರಲ್ಲೂ ಇಲ್ಲ, ನಿಮಗೆ ಅದು ಬೇಕಾಗಿಯೂ ಇಲ್ಲ. ದೀಕ್ಷೆ ತೆಗೆದುಕೊಂಡವರು ಕೆಲವು ವಿಷಯ ಹೊರಗೆ ಹೇಳುವುದಿಲ್ಲ ಅಂತ ಪ್ರಮಾಣ ಮಾಡಿರುತ್ತಾರೆ. 'ಅದನ್ನು ಹೇಳೋ ಹಾಗಿಲ್ಲ' ಅಂದರೆ ಕೆದಕಬೇಡಿ. ಕೊರಳಲ್ಲಿರುವ ಐದು ಮೂಲೆಯ ನಕ್ಷತ್ರ ಏನು, ವರ್ಷದ ಎಂಟು ಹಬ್ಬಗಳಲ್ಲಿ ನಿನಗೆ ಇಷ್ಟದ್ದು ಯಾವುದು, ಯಾರಾದರೂ ತೀರಿಕೊಂಡಾಗ ಏನು ಮಾಡುತ್ತೀರಿ, ಇವನ್ನು ಕೇಳಿ. ನರ್ಸ್‌ಗಳಿಗೆ ಕೊನೆಯ ಪ್ರಶ್ನೆ ಕೆಲಸಕ್ಕೂ ಬರುತ್ತದೆ.

ಆ ನಕ್ಷತ್ರದ ವಿಷಯ ಬಂದದ್ದರಿಂದ ಒಂದು ನಿಜ ಘಟನೆ. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ ಒಬ್ಬ ಅಮೆರಿಕನ್ ಸೈನಿಕ ವಿಕ್ಕನ್. ಅವನ ಸ್ಮಾರಕದ ಮೇಲೆ ಆ ಗುರುತು ಹಾಕಿಸಬೇಕು ಅಂತ ಹೆಂಡತಿ ಕೇಳಿದರೆ ಸರ್ಕಾರದ ಪಟ್ಟಿಯಲ್ಲಿ ಅದು ಇರಲಿಲ್ಲ. ಶಿಲುಬೆ ಇತ್ತು, ನಾಸ್ತಿಕರ ಗುರುತೂ ಇತ್ತು. ಕೋರ್ಟಿಗೆ ಹೋದ ಮೇಲೆ 2007ರಲ್ಲಿ ಸರ್ಕಾರ ಒಪ್ಪಿಕೊಂಡಿತು. ಆ ಕೇಸು ನಡೆಸಿದ ಸಂಘಟನೆಯ ಮುಖ್ಯಸ್ಥ ಆಗ ಬ್ಯಾರಿ ಲಿನ್, ದೀಕ್ಷೆ ಪಡೆದ ಕ್ರೈಸ್ತ ಪಾದ್ರಿ. ತಾನು ನಂಬದ ಗುರುತು ಇನ್ನೊಬ್ಬನ ಸಮಾಧಿಯ ಮೇಲೆ ಇರಲಿ ಅಂತ ಹೋರಾಡಲು ಅವರಿಗೆ ತಮ್ಮ ನಂಬಿಕೆ ಅಡ್ಡ ಬರಲಿಲ್ಲ.

ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. ವಿವೇಕಾನಂದರು 1893ರಲ್ಲಿ ಮಾತಾಡಿದ ಸರ್ವಧರ್ಮ ಸಮ್ಮೇಳನದ ನೂರನೇ ವರ್ಷಕ್ಕೆ ಮತ್ತೆ ಷಿಕಾಗೋದಲ್ಲಿ ಸಮ್ಮೇಳನ ನಡೆದಾಗ ವಿಕ್ಕನ್ನರೂ ಬಂದರು. ಅವರಂಥವರು ಇರುವ ಕಡೆ ನಾವಿರುವುದಿಲ್ಲ ಅಂತ ಗ್ರೀಕ್ ಆರ್ಥೊಡಾಕ್ಸ್ ಪ್ರತಿನಿಧಿಗಳು ಎದ್ದು ಹೋದರು. ಉಳಿದ ಹೆಚ್ಚಿನ ಚರ್ಚುಗಳವರು ಉಳಿದರು. ಎದ್ದು ಹೋದವರನ್ನು ನಾನು ಬೈಯುವುದಿಲ್ಲ, ಅವರದು ಪ್ರಾಮಾಣಿಕ ನಿಲುವು. ಆದರೆ ಹೋದವರಿಗೆ ಏನೂ ಗೊತ್ತಾಗಲಿಲ್ಲ ಅನ್ನುವುದೂ ನಿಜ.

ಇನ್ನು ಊಟ. ಅಕ್ಟೋಬರ್ 31 ಅವರಿಗೆ ಸೌವಿನ್, ಸತ್ತವರನ್ನು ನೆನೆಯುವ ರಾತ್ರಿ. ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಟ್ಟಿರಬಹುದು, ತೀರಿಕೊಂಡವರಿಗೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದನ್ನು ನೆರೆಮನೆಗಳಲ್ಲಿ ನೋಡಿದ್ದೀರಲ್ಲ, ಹಾಗೆ ಅಂದುಕೊಳ್ಳಿ, ಗಾಬರಿ ಬೇಡ. ಮಾತಿಗೂ ಒಳ್ಳೆಯ ಎಳೆ ಸಿಗುತ್ತದೆ: ನವೆಂಬರ್ 2ಕ್ಕೆ ಮಂಗಳೂರಿನ ಕಥೋಲಿಕರು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದನ್ನು ಅವಳಿಗೆ ಹೇಳಿ.

ತಿನ್ನಬಹುದಾ ಅನ್ನುವುದಕ್ಕೆ ಪೌಲನೇ ಉತ್ತರ ಕೊಟ್ಟಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆ, 10ನೇ ಅಧ್ಯಾಯ, 27ನೇ ವಚನ. ನಂಬದವರು ಊಟಕ್ಕೆ ಕರೆದು, ನಿನಗೆ ಹೋಗುವ ಮನಸ್ಸಿದ್ದರೆ, ಬಡಿಸಿದ್ದನ್ನು ಏನೂ ವಿಚಾರಿಸದೆ ತಿನ್ನು ಅನ್ನುತ್ತಾನೆ. ಮುಂದಿನ ವಚನದಲ್ಲಿ, ಇದು ದೇವತೆಗೆ ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ತಿನ್ನಬೇಡ ಅನ್ನುತ್ತಾನೆ. ಹಾಗಾಗಿ ಮೊದಲೇ ಒಂದು ಮೆಸೇಜ್ ಹಾಕಿ: ಪೂಜೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ? ನಾನು ಪೂಜೆಯಲ್ಲಿ ಸೇರುವುದಿಲ್ಲ, ಊಟಕ್ಕೆ ಬರುತ್ತೇನೆ, ಅರ್ಪಿಸಿದ್ದನ್ನು ಮಾತ್ರ ಬೇರೆ ಇಡು, ಬೇಜಾರಿಲ್ಲ ತಾನೆ? ಇಷ್ಟು ನೇರವಾಗಿ ಕೇಳಿದರೆ ಬೇಜಾರಾಗುವವರನ್ನು ನಾನು ಕಂಡಿಲ್ಲ. ಕಾರ್ಡ್ ನೋಡ್ಲಾ ಅಂದರೆ ನಗುತ್ತಾ ಬೇಡ ಅನ್ನಿ. ಖಾಲಿ ಕೈಯಲ್ಲಿ ಹೋಗಬೇಡಿ, ಕೋರಿ ರೊಟ್ಟಿ ಮಾಡುವುದಾದರೆ ಅವಳು ಮಾಂಸ ತಿನ್ನುತ್ತಾಳಾ ಅಂತ ಕೇಳಿಕೊಳ್ಳಿ. ಪೇಗನ್ನರಲ್ಲಿ ಸಸ್ಯಾಹಾರಿಗಳು ಬಹಳ ಜನ ಇದ್ದಾರೆ.